ಊಟದ ಮೇಜಿನ ಮೇಲೆ ಸೇವಂತಿಗೆ

ಸಲಮಾಂಕಾ,
ನವೆಂಬರ್ 3, ಭಾನುವಾರ ಮಧ್ಯಾಹ್ನ

ನನ್ನ ಮುದ್ದಿನ ಮರೈಕೆಗೆ,

ನೀನು, ನಿನ್ನ ಗಂಡ, ಹಾಲೆಂಡಿನ ಆ ನಿಮ್ಮ ಒದ್ದೆ ಊರು, ಎಲ್ಲ ಚೆನ್ನಾಗಿವೆ ಅಂದುಕೊಂಡಿದ್ದೇನೆ. ನಾನು ಚೆನ್ನಾಗಿದ್ದೇನೆ. ಮೊಣಕಾಲು ಚೆನ್ನಾಗಿಲ್ಲ, ಅದರ ಮಾತು ಬಿಡು. ಈಸ್ಟರ್ ಹಬ್ಬಕ್ಕೆ ನೀನು ಕಳಿಸಿದ ಕಾರ್ಡಿಗೆ ಈಗ ಉತ್ತರ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಪೆನ್ನು ಹಿಡಿದು ಕೂರುವುದು, ಏನೋ ನೆನಪಾಗಿ ಎದ್ದು ಹೋಗುವುದು, ಹೀಗೇ ಬೇಸಿಗೆ ಕಳೆದುಹೋಯಿತು. ಏನು ನೆನಪಾಗುತ್ತಿತ್ತು ಅಂತ ಕೊನೆಗೆ ಹೇಳಿದರೆ ಹೇಳಿದೆ, ಇಲ್ಲದಿದ್ದರೆ ಇಲ್ಲ. ಅಕ್ಷರ ಕೋಳಿ ಕೆದರಿದ ಹಾಗಿದೆ, ಅದು ನಿನಗೆ ಹೊಸದಲ್ಲ. ನಮ್ಮ ಹಳ್ಳಿಯಲ್ಲಿ ಹೆಣ್ಣುಮಕ್ಕಳಿಗೆ ಚಳಿಗಾಲದಲ್ಲಿ ಮಾತ್ರ ಶಾಲೆ, ಬೇಸಿಗೆ ಬಂತು ಅಂದರೆ ಕುರಿ ಹಿಂದೆ. ನನಗೆ ಗೊತ್ತಿರುವುದರಲ್ಲಿ ಅರ್ಧ ಕುರಿಗಳೇ ಕಲಿಸಿದ್ದು.

ಈಗ ಕೇಳು. ನನಗೆ ಸಾಕುಸಾಕಾಗಿದೆ.

ನಿನ್ನ ಕೋಣೆಯಲ್ಲಿ ಸೆಪ್ಟೆಂಬರಿನಿಂದ ಡಾರ್ಸಿ ಅಂತ ಕೆನಡಾದ ಹುಡುಗಿ ಇದ್ದಾಳೆ. ನಿನ್ನನ್ನು ಕಳಿಸಿದ ಭಾಷಾ ಶಾಲೆಯೇ ಅವಳನ್ನೂ ಕಳಿಸಿತು. ಎತ್ತರದ ಹುಡುಗಿ, ಹಲ್ಲು ಚೆನ್ನಾಗಿದೆ, ಕೆಟ್ಟವಳಲ್ಲ. ಆದರೆ ಬರಿಗಾಲಲ್ಲಿ ಓಡಾಡುತ್ತಾಳೆ ಕಣೇ. ಈ ನೆಲದ ಮೇಲೆ, ಈ ನವೆಂಬರಿನಲ್ಲಿ. "ಚಪ್ಪಲಿ ಹಾಕ್ಕೊಳ್ಳೇ, ಶೀತ ಕಾಲಿನಿಂದ ಹತ್ತುತ್ತೆ" ಅಂದರೆ, "ಅಜ್ಜಿ, ಶೀತ ವೈರಸ್ಸಿನಿಂದ ಬರುತ್ತೆ" ಅನ್ನುತ್ತಾಳೆ. ಬರಲಿ. ಆ ವೈರಸ್ಸು ಕಾಲಿನಿಂದಲೇ ಹತ್ತಲಿ.

ಅದನ್ನಾದರೂ ಸಹಿಸಬಹುದು. ಊಟದ್ದು ನೋಡು. ಬೆಳಿಗ್ಗೆಯಿಂದ ಕಡಲೆ ಬೇಯಿಸಿ, ಮೂಳೆ ಹಾಕಿ, ಎಲೆಕೋಸು ಬೇರೆ ಬಾಡಿಸಿ ಎರಡೂವರೆಗೆ ಬಡಿಸಿದರೆ, ಗಬಗಬ ತಿಂದು ತಟ್ಟೆ ಎತ್ತಿಕೊಂಡು ಎದ್ದೇ ಹೋಗುತ್ತಾಳೆ. ನನ್ನ ಬಾಯಲ್ಲಿ ಇನ್ನೂ ಮೊದಲನೇ ತುತ್ತು. ಊಟ ಅಂದರೆ ತಿನ್ನುವುದಷ್ಟೇನಾ? ತಿಂದಾದ ಮೇಲೆ ಕೂತು, ಕಿತ್ತಳೆ ಸುಲಿದು, ಬ್ರೆಡ್ಡಿನ ಚೂರು ಬೆರಳಲ್ಲಿ ಒತ್ತಿ ಎತ್ತುತ್ತಾ ಊರವರನ್ನೆಲ್ಲ ಆಡಿಕೊಳ್ಳುವುದಕ್ಕೇ ಅಲ್ಲವಾ ಅಡುಗೆ ಮಾಡುವುದು. ನೀನು ಹೀಗೆ ಎದ್ದು ಹೋಗುತ್ತಿರಲಿಲ್ಲ. ನೀನು ಕೂತದ್ದು ಎಷ್ಟು ಹೊತ್ತು ಅಂದರೆ, ಮೇಜಿನ ಕೆಳಗಿನ ಅಗ್ಗಿಷ್ಟಿಕೆಗೆ ಬೂಟು ತಾಗಿಸಿಕೊಂಡು ಮೇಜಿನ ಸುತ್ತ ನೆಲದವರೆಗೆ ಇಳಿಬಿಟ್ಟ ಬಟ್ಟೆಯ ಲಂಗವನ್ನೇ ಸುಟ್ಟೆ. ಆ ತೂತಿಗೆ ನಾನು ಹಾಕಿದ ತೇಪೆ ಇನ್ನೂ ಇದೆ. ಈ ಹುಡುಗಿಗೆ ತೋರಿಸಿ ಹೇಳಿದೆ, "ನೋಡು, ಇದು ಮರೈಕೆ ಕೂರುತ್ತಿದ್ದ ಜಾಗ." ಅವಳು ಕೇಳಿದಳು, "ಬೆಂಕಿ ಅಪಾಯ ಅಲ್ವಾ ಅಜ್ಜಿ?"

ಹೋದ ತಿಂಗಳ ಕೊನೆಗೆ ಶಾಲೆಯಿಂದ ನೂರಿಯಾ ಬಂದಳು. ಹುಡುಗಿಯರನ್ನು ಯಾವ ಮನೆಗೆ ಹಾಕಬೇಕು ಅಂತ ನೋಡಿಕೊಳ್ಳುವವಳು, ನಿನ್ನ ಕಾಲದಲ್ಲಿ ಇರಲಿಲ್ಲ. ಕಾಫಿ ಕೊಟ್ಟೆ. ಕುಡಿಯಲಿಲ್ಲ, ಬಟ್ಟಲಲ್ಲಿ ಚಮಚ ತಿರುಗಿಸುತ್ತಲೇ ಇದ್ದಳು. ಕೆಟ್ಟ ಸುದ್ದಿ ತಂದವರೇ ಹಾಗೆ ಸಕ್ಕರೆ ಕರಗಿಸುವುದು.

"ಕಸೀಲ್ದಮ್ಮ, ಡಾರ್ಸಿ ಬೇರೆ ಮನೆ ಕೇಳ್ತಿದ್ದಾಳೆ."

"ಯಾಕಂತೆ? ಹೊಟ್ಟೆಗೆ ಕಮ್ಮಿ ಆಯ್ತಂತಾ?"

"ಜಾಸ್ತಿ ಆಯ್ತಂತೆ. ಬೇಡ ಅಂದ್ರೂ ಹಾಕ್ತೀರಂತೆ. ಬೆಳಿಗ್ಗೆ ಅವಳ ಕೋಣೆಗೆ ನುಗ್ಗಿ ಕಿಟಕಿ ತೆಗೀತೀರಂತೆ, ಹಾಸಿಗೆ ಮಡಚ್ತೀರಂತೆ. ಯಾರ ಜೊತೆ ಹೋದೆ, ಯಾವಾಗ ಬಂದೆ ಅಂತ ಕೇಳ್ತೀರಂತೆ. ಆಮೇಲೆ, ತುಂಬಾ ಕೂಗ್ತೀರಂತೆ."

"ನಾನು ಕೂಗ್ತೀನಾ?"

ನಾಲ್ಕನೇ ಮಹಡಿಯ ಎರ್ಮೀನಿಯಾ ಅಂಗಳದ ಕಿಟಕಿಯಿಂದ ತಲೆ ಹಾಕಿ, "ಏನಾಯ್ತೇ ಕಸೀಲ್ದಾ?" ಅಂದಳು. ಅವಳ ಹೊತ್ತುಗೊತ್ತಿಗೆ ಬೆಂಕಿ ಹಾಕ.

ನೂರಿಯಾ ನಗಲಿಲ್ಲ ಪಾಪ. "ಈಗಿನ ಹುಡುಗಿಯರಿಗೆ ಅವರದೇ ಅಂತ ಒಂದು ಜಾಗ ಬೇಕಮ್ಮ," ಅಂದಳು. ಜಾಗ ಕೊಟ್ಟಿದ್ದೇನಲ್ಲ, ಬಾಲ್ಕನಿ ಇರುವ ಕೋಣೆ, ಮನೆಯಲ್ಲೇ ದೊಡ್ಡದು. ನನ್ನದು ಅಡುಗೆಮನೆ ಪಕ್ಕದ ಗೂಡು. ಆಮೇಲೆ ನಿಜವಾದ ವಿಷಯ ಹೊರಗೆ ಬಂತು. ಹೋದ ವರ್ಷ ಫ್ರಾನ್ಸಿನ ಹುಡುಗಿಯೂ ಅರ್ಧಕ್ಕೇ ಎದ್ದು ಹೋದಳಲ್ಲ, ಇವಳೂ ಹೋದರೆ ಎರಡು. ಎರಡಾದರೆ ಶಾಲೆಯವರು ಇನ್ನು ಮುಂದೆ ನನ್ನ ಮನೆಗೆ ಯಾರನ್ನೂ ಕಳಿಸುವುದಿಲ್ಲ. ಹದಿನೈದನೇ ತಾರೀಖು ಶುಕ್ರವಾರ ನೂರಿಯಾ ಮತ್ತೆ ಬರುತ್ತಾಳೆ. ಆವತ್ತು ಡಾರ್ಸಿ ಇರುತ್ತಾಳೋ ಹೋಗುತ್ತಾಳೋ ತೀರ್ಮಾನ. ಅಂದರೆ ಅವಳದಲ್ಲ, ನನ್ನ ಹಣೆಬರಹದ ತೀರ್ಮಾನ.

ಮಗ ರಮೀರೋಗೆ ಫೋನ್ ಮಾಡಿದರೆ ಅವನಿಗೆ ಖುಷಿಯೇ ಆಯಿತು. "ಸಾಕ್ ಬಿಡಮ್ಮ. ಊರವರ ಮಕ್ಕಳ ಬಟ್ಟೆ ಒಗೆದಿದ್ದು ಸಾಕು. ಆರಾಮಾಗಿರು." ಆರಾಮು ಸ್ಮಶಾನದಲ್ಲಿ ಬೇಕಾದಷ್ಟಿದೆ ಅಂತ ಹೇಳಿ ಫೋನ್ ಇಟ್ಟೆ.

ಅದರ ಮಾರನೇ ದಿನದ ಕತೆ ಕೇಳು. ನಾನು ಬ್ರೆಡ್ಡು ತರಲು ಹೋಗಿ ಬರುವಷ್ಟರಲ್ಲಿ ಊಟದ ಮೇಜಿನ ನಡುಮಧ್ಯದಲ್ಲಿ ಒಂದು ಕುಂಡ. ಕುಂಡದ ತುಂಬ ಬಿಳಿ ಸೇವಂತಿಗೆ, ಒಂದೊಂದೂ ಮುಷ್ಟಿಗಾತ್ರ. ಕುಂಡಕ್ಕೆ ಕೆಂಪು ರಿಬ್ಬನ್ನು. ರಿಬ್ಬನ್ನಿನಲ್ಲಿ ಒಂದು ಚೀಟಿ, ಚೀಟಿಯಲ್ಲಿ "ಕಸೀಲ್ದಾ ಅಜ್ಜಿಗೆ".

ಮರೈಕೆ, ನೀನು ಒಂದು ವರ್ಷ ನಮ್ಮ ನಡುವೆ ಇದ್ದವಳು, ನಿನಗೆ ಗೊತ್ತು. ಸತ್ತವರ ಹಬ್ಬಕ್ಕೆ ಎರಡು ದಿನ ಮುಂಚೆ ಸೇವಂತಿಗೆ ಯಾರಿಗೆ ಕೊಡುತ್ತಾರೆ ಅಂತ. ಹೆಸರು ಬೇರೆ ಬರೆದು.

ನಾನು ಬ್ರೆಡ್ಡನ್ನು ಕಂಕುಳಲ್ಲೇ ಇಟ್ಟುಕೊಂಡು ನಿಂತುಬಿಟ್ಟೆ. ಡಾರ್ಸಿ ಬಾಗಿಲ ಹತ್ತಿರ, ಬರಿಗಾಲಲ್ಲಿ, ನಗುತ್ತಾ. "ಅಜ್ಜಿ, ನಿಮಗೆ. ಅಂಗಡಿ ತುಂಬ ಇದೇ ಹೂವು. ಎಲ್ಲರೂ ತಗೊಳ್ತಿದ್ರು. ಅತೀ ಚೆನ್ನಾಗಿರೋದು ಅಂತ ನಾನೂ ತಂದೆ."

ಅಷ್ಟರಲ್ಲಿ ಎರ್ಮೀನಿಯಾ ಅರ್ಧ ನಿಂಬೆಹಣ್ಣು ಕೇಳುವ ನೆಪದಲ್ಲಿ ಒಳಗೆ ಬಂದಳು. ಕುಂಡ ನೋಡಿದವಳೇ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು.

"ಅಯ್ಯೋ, ಯಾರ್ ಹೋದ್ರೇ?"

"ಯಾರೂ ಹೋಗಿಲ್ಲ. ನಾನು ಇನ್ನೂ ಯೋಚ್ನೆ ಮಾಡ್ತಿದೀನಿ."

"ಮತ್ತೆ ಚೀಟೀಲಿ ನಿನ್ನ ಹೆಸರಿದೆ?"

"ನಿಂಬೆಹಣ್ಣು ತಗೊಂಡು ಮೇಲಕ್ಕೆ ಹೋಗು ಎರ್ಮೀನಿಯಾ. ನಿನ್ನ ಸರದೀನೂ ದೂರ ಇಲ್ಲ."

ಹುಡುಗಿಗೆ "ಚೆನ್ನಾಗಿದೆ" ಅಂದೆ, ಅಡುಗೆಮನೆಗೆ ಹೋಗಿ ಬೆಳ್ಳುಳ್ಳಿ ಸುಲಿಯುತ್ತಾ ಕೂತೆ. ಬೇಕಿದ್ದದ್ದಕ್ಕಿಂತ ಜಾಸ್ತಿಯೇ ಸುಲಿದೆ. ನನ್ನ ಬಗ್ಗೆ ದೂರು ಹೇಳಿದ ಹುಡುಗಿ, ಮಾರನೇ ದಿನವೇ ನನ್ನ ಮೇಜಿನ ಮೇಲೆ ಗೋರಿಯ ಹೂವು. ಇದು ಬೇಕಂತ ಮಾಡಿದ್ದಾ, ತಿಳಿಯದೆ ಮಾಡಿದ್ದಾ? ತಿಳಿಯದೆ ಅಂತ ತಲೆ ಹೇಳಿತು. ಹೊಟ್ಟೆ ಒಪ್ಪಲಿಲ್ಲ.

ಹಬ್ಬದ ಬೆಳಿಗ್ಗೆ ನಾನು ಕುಂಡ ಎತ್ತಿಕೊಂಡೆ. ದುಡ್ಡು ಕೊಟ್ಟು ತಂದ ಹೂವು ಹಾಳಾಗಬಾರದಲ್ಲ. ಡಾರ್ಸಿ ಕೇಳಿದಳು, "ಹೂವು ಎಲ್ಲಿಗೆ ಅಜ್ಜಿ?"

"ಅನ್ಸೆಲ್ಮೋಗೆ."

"ಅನ್ಸೆಲ್ಮೋ ಯಾರು?"

"ನನ್ನ ಗಂಡ. ಗೋಡೆ ಮೇಲೆ ದಿನಾ ನಿನ್ನನ್ನ ನೋಡ್ತಾನಲ್ಲ, ಮೀಸೆಯವನು."

"ನಾನು ಹೊತ್ತುಕೊಳ್ತೀನಿ," ಅಂತ ಹಟ ಮಾಡಿ ಬಂದಳು. ಬೂಟು ಹಾಕಿಕೊಂಡು ಬಂದಳು, ಅದೊಂದು ಪುಣ್ಯ. ಬಸ್ಸಿನ ತುಂಬ ನನ್ನಂಥ ಮುದುಕಿಯರು, ಎಲ್ಲರ ತೊಡೆಯ ಮೇಲೆ ಸೇವಂತಿಗೆ ಕುಂಡ. ಹುಡುಗಿ ಒಂದೊಂದನ್ನೇ ನೋಡುತ್ತಾ ಬಂದಳು. ಮುಖದ ಬಣ್ಣ ಒಂದೊಂದೇ ನಿಲ್ದಾಣಕ್ಕೆ ಇಳಿಯುತ್ತಾ ಬಂತು. ಸ್ಮಶಾನದ ಗೇಟಿನೊಳಗೆ ಕಾಲಿಟ್ಟಾಗ ಕಣ್ಣು ಹಾಯಿಸಿದ ಕಡೆಯೆಲ್ಲ ಅದೇ ಬಿಳಿ, ಅದೇ ಹಳದಿ. ಅಲ್ಲೇ ನಿಂತಳು.

"ನಾನು ನಿಮಗೆ ಗೋರಿ ಹೂವು ಕೊಟ್ಟೆ."

"ಕೊಟ್ಟೆ. ಸ್ವಲ್ಪ ಬೇಗ ಆಯ್ತು, ಅಷ್ಟೇ."

ಅವಳಿಗೆ ನಗು ಬಂತು. ನಗುತ್ತಾ ನಗುತ್ತಾ ಕುಂಡ ತಬ್ಬಿಕೊಂಡು ಅತ್ತಳು. ಪಕ್ಕದ ಗೋರಿ ಉಜ್ಜುತ್ತಿದ್ದ ಹೆಂಗಸು ನನ್ನ ಮೊಮ್ಮಗಳು ಅಂದುಕೊಂಡು, "ಅಜ್ಜನ್ನ ತುಂಬಾ ಹಚ್ಚಿಕೊಂಡಿತ್ತಾ ಪಾಪ?" ಅಂತ ಕೇಳಿದಳು. ನಾನು ಹೂಂ ಅಂದೆ. ಇಲ್ಲ ಅಂತ ಹೇಳಿ ವಿವರಿಸಲು ಯಾರಿಗೆ ಪುರುಸೊತ್ತು.

ಕಲ್ಲು ತೊಳೆಯಲು ಅವಳೂ ಬ್ರಷ್ಷು ಹಿಡಿದಳು. ಅನ್ಸೆಲ್ಮೋನ ಹೆಸರಿನ ಅಕ್ಷರಗಳೊಳಗಿನ ಪಾಚಿಯನ್ನು ಉಗುರಿನಿಂದ ಕೆರೆಯುತ್ತಾ, ತಲೆ ಎತ್ತದೆ ಕೇಳಿದಳು, "ಚಪ್ಪಲಿಗೆ ಕೂಗ್ತೀರಿ. ಲೈಟ್ ಆರಿಸದೆ ಇದ್ರೆ ಕೂಗ್ತೀರಿ. ಇದಕ್ಕೆ ಯಾಕೆ ಕೂಗಲಿಲ್ಲ ಅಜ್ಜಿ? ಹೇಳಿದ್ರೆ ಅವತ್ತೇ ವಾಪಸ್ ಕೊಡ್ತಿದ್ದೆ."

"ನೀರು ಹಾಕು, ಪಾಚಿ ಒಣಗ್ತಿದೆ," ಅಂದೆ.

ಇದರಿಂದ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡ. ಮನೆಗೆ ಬಂದು ಕರಿದ ಸಿಹಿ ಉಂಡೆ ತಿಂದಳು, ತಟ್ಟೆ ಎತ್ತಿಕೊಂಡು ಎದ್ದು ಹೋದಳು. ಬಾಗಿಲ ಹತ್ತಿರ ಒಂದು ಸಲ ತಿರುಗಿ, ಮತ್ತೆ ಬಂದು ಕೂತಳು. ಕಿತ್ತಳೆ ಸುಲಿದು ಕೊಟ್ಟೆ, ತಿಂದಳು. ನೂರಿಯಾ ಹತ್ತಿರ ಹೇಳಿದ ಮಾತನ್ನು ಹಿಂದಕ್ಕೆ ತಗೊಂಡಿದ್ದೀಯಾ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ. ಅವಳೂ ಹೇಳಲಿಲ್ಲ. ಕೋಣೆಯಲ್ಲಿ ಪೆಟ್ಟಿಗೆ ಮಂಚದ ಕೆಳಗಿನಿಂದ ಹೊರಗೆ ಬಂದಿದೆ, ಮುಚ್ಚಳ ತೆರೆದೇ ಇದೆ. ಬೆಳಿಗ್ಗೆ ಕಿಟಕಿ ತೆಗೆಯಲು ಹೋದಾಗ ನೋಡಿದೆ. ಹೌದು, ಇವತ್ತೂ ಹೋದೆ. ಬಾಗಿಲು ತಟ್ಟಿ ಹೋದೆ. ಈ ವಯಸ್ಸಿನಲ್ಲಿ ನನ್ನ ಮನೆಯ ಬಾಗಿಲನ್ನೇ ತಟ್ಟಿ, ಒಳಗೆ ಬರಲಾ ಅಂತ ಕೇಳುವ ಕಾಲ ಬಂತು.

ಅದಕ್ಕೇ ಈ ಕಾಗದ. ನೀನು ನೂರಿಯಾಗೆ ನಾಲ್ಕು ಸಾಲು ಬರೆಯಬೇಕು. ನೀನು ಓದಿದವಳು, ನಿನ್ನ ಮಾತಿಗೆ ತೂಕ ಇದೆ. ಕಸೀಲ್ದಾ ಅಜ್ಜಿಯ ಮನೆಯಲ್ಲಿ ಒಂದು ವರ್ಷ ಇದ್ದೆ, ಚೆನ್ನಾಗಿದ್ದೆ, ಹೊರಡುವಾಗ ಬಸ್ ನಿಲ್ದಾಣದಲ್ಲಿ ನನ್ನನ್ನು ಅವರಿಂದ ಬಿಡಿಸಬೇಕಾಯಿತು ಅಂತ ಬರೆ. ಅದು ಸುಳ್ಳಲ್ಲವಲ್ಲ? "ನನ್ನ ಸ್ಪೇನ್ ಅಜ್ಜಿ" ಅಂತ ನೀನೇ ಎಲ್ಲರಿಗೂ ಹೇಳುತ್ತಿದ್ದೆ. ಕೂಗುತ್ತಾರೆ, ಆದರೆ ಅದು ಅವರ ಗಂಟಲಿನ ರೀತಿ, ಮನಸ್ಸಿನದ್ದಲ್ಲ ಅಂತಲೂ ಬರೆ. ಇದನ್ನು ನಾನೇ ಹೇಳಿದರೆ ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಗುತ್ತದೆ. ಹದಿನೈದಕ್ಕೆ ಮುಂಚೆ ಮುಟ್ಟಬೇಕು. ಡಾರ್ಸಿಗೆ "ಇರು" ಅಂತ ನಾನು ಹೇಳುವುದಿಲ್ಲ. ನನಗೆ ಹಾಗೆ ಹೇಳಿ ಅಭ್ಯಾಸವಿಲ್ಲ. ಬಡಿಸಿ ಅಭ್ಯಾಸ.

ಕರುಣೆಯ ಮಾತೆ ನಿನ್ನನ್ನು ಕಾಯಲಿ. ನಿನ್ನ ಗಂಡನಿಗೆ ಒಳ್ಳೆಯ ಆರೋಗ್ಯ ಕೊಡಲಿ, ಅವನ ಬೆನ್ನು ಇಷ್ಟು ಬೇಗ ಬಾಗಬಾರದು. ಹಳದಿ ಟೋಪಿಯ ಮಗುವಿಗೆ ಒಂದು ಹಲ್ಲೂ ನೋಯದೆ ಬರಲಿ. ಕಾಲು ಬೆಚ್ಚಗಿಟ್ಟುಕೊ.

ನಿನ್ನ ಅಜ್ಜಿ,
ಕಸೀಲ್ದಾ

ಮರೆತೆ ಅಂತ ಬರೆಯುತ್ತಿಲ್ಲ, ಮರೆಯದೇ ಬರೆಯುತ್ತಿದ್ದೇನೆ: ಹಳದಿ ಟೋಪಿ ನನಗೆ ಹೇಗೆ ಗೊತ್ತು ಅಂತ ನೀನು ಕೇಳಬಹುದು. ನೀನು ಮಗುವಿನ ವಿಷಯ ಯಾವ ಕಾರ್ಡಿನಲ್ಲೂ ಬರೆದಿಲ್ಲ. ಜೂನಿನಲ್ಲಿ ನೀನು ಇಲ್ಲಿಗೆ ಬಂದಿದ್ದೆ. ಮಧ್ಯಾಹ್ನ ಊರೆಲ್ಲ ಮಲಗುವ ಹೊತ್ತು, ನಾನು ಕಿಟಕಿಗೆ ಬಿಸಿಲು ತಡೆಯುವ ಹಲಗೆ ಇಳಿಸಿ, ಅದರ ಸಂದಿಯಲ್ಲಿ ಬೀದಿ ನೋಡುತ್ತಾ ಕೂತಿದ್ದೆ. ಎದುರಿನ ಕಟ್ಟೆಯ ಬಳಿ ನೀನು ನಿಂತಿದ್ದೆ, ಜೊತೆಗೆ ಆ ಬಾಗಿದ ಉದ್ದನೆಯ ಮನುಷ್ಯ, ಗಾಡಿಯಲ್ಲಿ ಮಗು. ನೀನು ಬೆರಳೆತ್ತಿ ಅವನಿಗೆ ನನ್ನ ಬಾಲ್ಕನಿ ತೋರಿಸಿದೆ. ನಾನು ಹಲ್ಲಿನ ಸೆಟ್ಟು ಹಾಕಿಕೊಂಡೆ, ಅಡುಗೆ ಬಟ್ಟೆ ಬಿಚ್ಚಿಟ್ಟೆ, ಹೋಗಿ ಬಾಗಿಲ ಹಿಂದೆ ನಿಂತೆ. ಲಿಫ್ಟು ಮೇಲಕ್ಕೆ ಬಂತು. ನನ್ನ ಮಹಡಿ ದಾಟಿ ಎರ್ಮೀನಿಯಾಳ ಮಹಡಿಗೆ ಹೋಯಿತು. ಮತ್ತೆ ಸಂದಿಯ ಹತ್ತಿರ ಬಂದಾಗ ನೀನು ಬೀದಿಯ ತುದಿಯಲ್ಲಿ ತಿರುಗುತ್ತಿದ್ದೆ. ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಕೂಗುವವಳು ನಾನು. ಹಲಗೆ ಎತ್ತಿ ಒಂದು ಸಲ "ಮರೈಕೆ" ಅಂದಿದ್ದರೆ ನೀನು ತಿರುಗುತ್ತಿದ್ದೆ. ಆವತ್ತು ಗಂಟಲಿನಿಂದ ಏನೂ ಬರಲಿಲ್ಲ.

ನೂರಿಯಾಗೆ ಆಮೇಲೆ ಬರೆ, ಇಲ್ಲ ಬರೆಯಲೇಬೇಡ. ಮೊದಲು ನನಗೆ ಬರೆ, ಗಂಟೆ ಯಾಕೆ ಒತ್ತಲಿಲ್ಲ ಅಂತ. ಡಾರ್ಸಿ ನೂರಿಯಾ ಹತ್ತಿರ ಹೇಳಿದ ಕಾರಣವೇ ನಿನ್ನದೂ ಆಗಿದ್ದರೆ ಅದನ್ನೇ ಬರೆ, ಸಕ್ಕರೆ ಕರಗಿಸಬೇಡ. ಶುಕ್ರವಾರ ನೂರಿಯಾ ಬಂದು ಕೂತಾಗ, ಹುಡುಗಿ ಹೋಗಲಿ ಬಿಡು ಅಂತ ನಾನೇ ಹೇಳಬೇಕಾ ಬೇಡವಾ ಅಂತ ನನಗೆ ಅಷ್ಟರೊಳಗೆ ಗೊತ್ತಾಗಬೇಕು.