ಬೇಲಿಯಾಚೆಯ ಅಕ್ರೋಟು ಮರ

ಡೆಟ್‌ಮೋಲ್ಡ್
೧೪ ಅಕ್ಟೋಬರ್ ೧೯೭೨

ಪ್ರೀತಿಯ ಮಗಳು ಗುಡ್ರುನ್‌ಗೆ,

ನಿನ್ನ ಪತ್ರ ಬಂದು ಮೂರು ತಿಂಗಳಾಯಿತು. ತೋಟದ ಕೆಲಸವಿತ್ತು, ಕನ್ನಡಕ ಒಡೆದಿತ್ತು ಎನ್ನಬಹುದು; ನೀನು ನಂಬುವವಳಲ್ಲ. ಬೈಯಬೇಡ. ನಾನು ಸುಖವಾಗಿದ್ದೇನೆ. ಎದುರುಮನೆಯ ಕ್ರೂಸೆಯಮ್ಮ ಮಂಗಳವಾರ ತಪ್ಪದೆ ಪ್ಲಮ್ ಕೇಕ್ ತರುತ್ತಾರೆ, ಜೊತೆಗೆ ಒಂದು ಕುಟುಕು ಮಾತನ್ನೂ.

ಅಮ್ಮನ ಕವಿತೆಗಳು ಪುಸ್ತಕವಾಗುತ್ತಿರುವುದು ನನಗೆಷ್ಟು ಸಂತೋಷವೋ! ‘ಅಕ್ರೋಟು’ ಕವಿತೆಗೆ ಟಿಪ್ಪಣಿ ಬರೆಯಬೇಕು, ಆ ಮರ ಯಾವುದರ ಸಂಕೇತ ಎಂದು ಕೇಳಿದ್ದೀಯ. ಆ ಕವಿತೆ ಹಿಂದೆ ಪತ್ರಿಕೆಯಲ್ಲಿ ಬಂದಿತ್ತಲ್ಲ; ತಮಾಷೆ ನೋಡು, ಅದನ್ನೇ ಕೇಳಲು ಹೋದ ವಾರ ಇಲ್ಲಿನ ಹೆಣ್ಣುಮಕ್ಕಳ ಶಾಲೆಯವರು ನನ್ನನ್ನು ಕರೆದಿದ್ದರು. “ಹೆಂಡ್ತಿ ಇದ್ದಾಗ ಒಂದು ಸಾಲು ಓದ್ದೋರಲ್ಲ, ಈಗ ಪಾಠ ಮಾಡೋಕೆ ಹೊರಟ್ರಾ?” ಎಂದರು ಕ್ರೂಸೆಯಮ್ಮ. ಟೈ ಕಟ್ಟಿಕೊಂಡು ಹೋದೆ.

ಎಂಥ ಚೂಟಿ ಹುಡುಗಿಯರು! “ತಾತ, ಮರ ಅಂದ್ರೆ ಕಾಣೆಯಾದ ಜನ ಅಲ್ವಾ?” ಎಂದಳೊಬ್ಬಳು. “ಕೊಡಲಿ ಅಂದ್ರೆ ಆಗಿನ ಸರ್ಕಾರ ಕಣೇ,” ಎಂದಳು ಇನ್ನೊಬ್ಬಳು. ಗಿಡಮರಕ್ಕೆ ಮನುಷ್ಯರ ದುಃಖ ಅಂಟಿಸುವುದಕ್ಕೆ ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ‘ಪೆಥೆಟಿಕ್’ ಏನೋ ಎನ್ನುತ್ತಿದ್ದರು, ಉಳಿದರ್ಧ ಮರೆತಿದೆ. ಅಷ್ಟನ್ನೇ ಗತ್ತಿನಿಂದ ಹೇಳಿ, “ಅಯ್ಯೋ ಮಕ್ಕಳಾ, ಮರ ಅಂದ್ರೆ ಮರ. ನಲವತ್ತಾರರ ಚಳೀಲಿ ಸೌದೆಗೆ ಅಂತ ನಾನೇ ಕಡಿದೆ!” ಎಂದೆ. ತರಗತಿಯೆಲ್ಲ ನಕ್ಕಿತು.

ಕಿಟಕಿಯ ಬಳಿ ಕೂತವಳು ಮಾತ್ರ ನಗಲಿಲ್ಲ. “ಹಾಗಾದ್ರೆ ‘ಕೊಂಬೆಯ ಕೊರಳಲ್ಲಿ ಹಗ್ಗದ ಉಂಗುರ’ ಅಂತ ಅಜ್ಜಿ ಯಾಕೆ ಬರೆದ್ರು? ನೇಣಾ?”

“ಕವಿಗಳು ಏನೇನೋ ಬರೀತಾರಮ್ಮ,” ಎಂದು ಮನೆಗೆ ಬಂದೆ.

ನಿನ್ನ ಪುಸ್ತಕ ಚೆನ್ನಾಗಿ ಬರಲಿ. ಹೊತ್ತಿಗೆ ಸರಿಯಾಗಿ ಉಣ್ಣು, ಬೆಚ್ಚಗಿರು. ನಿನ್ನ ಅಮ್ಮನ ಹರಕೆಯೂ ನನ್ನದರ ಜೊತೆಗಿದೆ ಎಂದುಕೋ.

ನಿನ್ನ ಅಪ್ಪ,
ಆಲ್ಬ್ರೆಕ್ಟ್

ತಾ.ಕ.: ಪತ್ರವನ್ನು ಲಕೋಟೆಗೆ ಹಾಕಿದವನು ಮತ್ತೆ ತೆಗೆದೆ. ಆ ಮರ ನಮ್ಮದಲ್ಲ, ಬೇಲಿಯಾಚೆಯ ಬ್ಲುಮೆನ್‌ಫೆಲ್ಡರದು. ನಲವತ್ತೊಂದರ ಡಿಸೆಂಬರಿನಲ್ಲಿ, ಯಹೂದಿಗಳೆಂದು ಅವರನ್ನು ಕರೆದೊಯ್ದರು. ಅವರ ಮಗಳು ಲೋರೆಗೆ ಆಗ ಏಳು ವರ್ಷ. ಹಗ್ಗ ಅವಳ ಉಯ್ಯಾಲೆಯದು. ಕೊಂಬೆ ದಪ್ಪಗಾಗುತ್ತ ಅದನ್ನು ನುಂಗಿತ್ತು, ನಲವತ್ತಾರರಲ್ಲಿ ನಾನು ಮರ ಕಡಿದುರುಳಿಸಿ ಸೌದೆ ಕೊಯ್ಯುವಾಗ ಗರಗಸಕ್ಕೆ ಸಿಕ್ಕಿತು. ಅಮ್ಮ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. “ಅವರು ಬಂದ್ರೆ ಏನು ಹೇಳ್ತೀಯಾ?” ಎಂದಳು. “ಇನ್ನು ಯಾರು ಬರ್ತಾರೆ?” ಎಂದೆ. ಹಗ್ಗವನ್ನೂ ಒಲೆಗೆ ಹಾಕಿದೆ. ಆ ಚಳಿಗಾಲ ನೀನು ಬೆಚ್ಚಗೆ ಮಲಗಿದೆ. ಆಮೇಲೆ ಆ ಮಾತನ್ನು ಅವಳು ಎತ್ತಲೇ ಇಲ್ಲ, ಕವಿತೆ ಬರೆದಳು.

ಮಕ್ಕಳು ಹೇಳಿದ್ದೇ ಸರಿ. ಟಿಪ್ಪಣಿಯಲ್ಲಿ ಲೋರೆಯ ಹೆಸರು ಹಾಕು. ಕೊಡಲಿ ಯಾರದೆಂಬುದನ್ನೂ.