ಚಾಯ್ ಅಂದರೆ ಅಲ್ಲಿ ಟೀ ಅಲ್ಲ

ನಜರ್‌ಬಾದ್, ಮೈಸೂರು
೮ ಫೆಬ್ರವರಿ ೨೦೨೬, ಭಾನುವಾರ

ನನ್ನ ಸಿದ್ದಿಗೆ,

ಹರ್ಷಿತಾಳ ಗೃಹಪ್ರವೇಶದ ಕಾರ್ಡು ಶುಕ್ರವಾರ ಅಂಚೆಯಲ್ಲಿ ಬಂತು. ಕೆಸರೆಯಿಂದ ನಮ್ಮನೆಗೆ ಎಷ್ಟು ಮಹಾ ದೂರ, ಆದರೂ ನೀನು ಅಂಚೆಗೆ ಹಾಕಿದ್ದೀಯ. ಇರಲಿ. ಕಾರ್ಡಿನ ಮೂಲೆಯಲ್ಲಿ ನೀಲಿ ಪೆನ್ನಿನಲ್ಲಿ ನಿನ್ನದೇ ಅಕ್ಷರ, ‘ಊಟಕ್ಕೆ ಬಾ’ ಅಂತ. ಎರಡು ತಿಂಗಳಲ್ಲಿ ನೀನು ನನ್ನ ಜೊತೆ ಆಡಿದ ಒಂದೇ ಮಾತು. ನಿನ್ನ ಮಗಳ ಮನೆ ಸಂಭ್ರಮ, ಬರದೆ ಇರುತ್ತೇನೆಯೇ? ಆದರೆ ನಿಮ್ಮನೆ ಎಲೆಯ ಮುಂದೆ ಕೂರುವ ಮೊದಲು ಕೆಲವು ವಿಷಯ ನಿನಗೆ ತಿಳಿದಿರಬೇಕು. ಫೋನಿನಲ್ಲಾದರೆ ನೀನೊಂದು ನಿಟ್ಟುಸಿರು ಬಿಟ್ಟರೂ ಸಾಕು, ನಾನು ಹೆದರಿ ಇನ್ನೊಂದು ಸುಳ್ಳು ಹೇಳಿಬಿಡುತ್ತೇನೆ. ಅದಕ್ಕೇ ಕಾಗದ.

ಎಂಬತ್ತೆಂಟನೇ ಇಸವಿಯಲ್ಲಿ ಹೆಬ್ಬಾಳದ ಫ್ಯಾಕ್ಟರಿಗೆ ನಾನು ಸೇರಿದ ದಿನ ನೆನಪಿದೆಯಾ? ಹೆಂಗಸರೆಲ್ಲ ಗುಂಪಾಗಿ ಉಣ್ಣುತ್ತಿದ್ದರು, ನೀನೊಬ್ಬಳೇ ಕಿಟಕಿಯ ಹತ್ತಿರ ಕೂತಿದ್ದೆ. ಅವಳಿಗೆ ಮಾಂಸದ ವಾಸನೆ ಆಗಲ್ಲ ಅಂತ ಯಾರೋ ನಕ್ಕರು. ನೀನು ನನ್ನ ಹೆಸರು ಕೇಳಿದೆ, ಆಮೇಲೆ ನೀವೂ ತಿನ್ನಲ್ಲವಾ ಅಂತ ಕೇಳಿದೆ. ನನ್ನ ಚೀಲದಲ್ಲಿ ಅಮ್ಮ ಕಟ್ಟಿಕೊಟ್ಟ ಕೈಮದ ಉಂಡೆ ಇತ್ತು, ಸಿದ್ದಿ. ಇಲ್ಲ ಅಂದೆ. ಊಟ ತಂದೇ ಇಲ್ಲ ಅಂದೆ. ನೀನು ಅಕ್ಕಿರೊಟ್ಟಿ ಮುರಿದು, ಹುಚ್ಚೆಳ್ಳು ಚಟ್ನಿ ಸವರಿ ಕೈಗಿಟ್ಟೆ. ಅಷ್ಟು ಜನರಲ್ಲಿ ಅವತ್ತು ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡವಳು ನೀನೊಬ್ಬಳೇ. ಒಂದು ದಿನದ ಮಾತು ತಾನೇ ಅಂದುಕೊಂಡೆ. ಅದು ಮೂವತ್ತೇಳು ವರ್ಷ ನಡೆಯಿತು.

ಭಾನುವಾರ ನಮ್ಮನೆಯಲ್ಲಿ ಮಟನ್ ಸಾರು ತಪ್ಪುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಏಲಕ್ಕಿ ಅಗಿಯುತ್ತಾ ಶಿಫ್ಟ್ ಬಸ್ಸು ಹತ್ತುತ್ತಿದ್ದೆ. ನನಗೆ ಏಲಕ್ಕಿಯ ಹುಚ್ಚು ಅಂತ ನೀನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಒಂದು ಭಾನುವಾರ ನೀನು ಹೇಳದೆ ಕೇಳದೆ ಒಬ್ಬಟ್ಟು ತಂದಾಗ, ನಮ್ಮ ಯಜಮಾನರು ಬೀರಯ್ಯನವರು ಕುದಿಯುವ ಸಾರಿನ ಪಾತ್ರೆಯನ್ನು ಪಂಚೆಯಲ್ಲಿ ಹಿಡಿದುಕೊಂಡು ಹಿತ್ತಿಲ ಬಾಗಿಲಿಂದ ಅವರ ತಮ್ಮನ ಮನೆಗೆ ಓಡಿದ್ದರು. ನೀನು ಹೋದ ಮೇಲೆ ಸುಟ್ಟ ಬೆರಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಕೇಳಿದರು: ‘ನಮ್ಮನೇಲಿ ನಾವು ಉಣ್ಣೋದು ಕಳ್ಳತನವೇನೇ, ಸುಮಿತ್ರ?’

ಅವರು ಹೋಗಿ ನಾಲ್ಕು ವರ್ಷ. ಭಾನುವಾರ ಸಾರು ಕುದಿಯುವಾಗೆಲ್ಲ ಆ ಪ್ರಶ್ನೆ ನೆನಪಾಗುತ್ತದೆ.

ಆದರೆ ಆ ವರ್ಷಗಳೆಲ್ಲ ಸುಳ್ಳು ಅಂದುಕೊಳ್ಳಬೇಡ. ಸಂಬಳವಾದ ಶನಿವಾರ ನಾವಿಬ್ಬರೂ ದೇವರಾಜ ಮಾರುಕಟ್ಟೆಗೆ ಹೋಗುತ್ತಿದ್ದೆವು. ನೀನು ಈರನಗೆರೆ ಬದನೆಕಾಯಿಯನ್ನು ಒಂದೊಂದೇ ಎತ್ತಿ ನೋಡುವಷ್ಟರಲ್ಲಿ ನಾನು ಮಲ್ಲಿಗೆ ಕೊಂಡು, ಮುಡಿದು, ಅರ್ಧ ಬಾಡಿಸಿಯೂ ಆಗಿರುತ್ತಿತ್ತು. ಅಷ್ಟು ಸುಖವಾಗಿ ನಾನು ಇನ್ಯಾರ ಜೊತೆಯೂ ತರಕಾರಿ ಕೊಂಡಿಲ್ಲ.

ರಿಟೈರಾದ ಮೇಲೆ ವಿಯೆಟ್ನಾಂಗೆ ಹೋಗೋಣ ಅಂದವಳು ನೀನೇ. ಚಪಾತಿ, ಚಟ್ನಿಪುಡಿ, ಹುರಿಗಡಲೆ ತುಂಬಿದ ನಿನ್ನ ಪೆಟ್ಟಿಗೆ ನನಗಿಂತ ಭಾರವಿತ್ತು. ಡನಾಂಗ್ ಊರಿನ ಸೂಪರ್ ಮಾರ್ಕೆಟ್ಟಿನಲ್ಲಿ ಒಂದೂವರೆ ಗಂಟೆ ಪೊಟ್ಟಣಗಳ ಹಿಂಬದಿ ಓದಿದೆವಲ್ಲ. ಮೇಲೆ ಹಸಿರು ಸೊಪ್ಪಿನ ಚಿತ್ರವಿದ್ದ ನೂಡಲ್ಸಿಗೆ ಅನುವಾದಕ್ಕೆಂದು ಫೋನು ಹಿಡಿದರೆ ‘ಹಂದಿಮೂಳೆಯ ರಸ’ ಅಂತ ಬಂತು. ನೀನು ಕೆಂಡ ಮುಟ್ಟಿದವಳಂತೆ ಬಿಟ್ಟೆ, ಇಬ್ಬರೂ ನಕ್ಕು ನಕ್ಕು ಅಲ್ಲೇ ಅಕ್ಕಿಮೂಟೆಯ ಮೇಲೆ ಕೂತೆವು. ಹೊರಗೆ ಬಂದಾಗ ‘ಚಾಯ್’ ಅನ್ನುವ ಬೋರ್ಡು ಕಾಣಿಸಿತು. ಟೀ ಸಿಗುತ್ತೆ ಬಾ ಅಂತ ನೀನು ಎಳೆದುಕೊಂಡು ಹೋದೆ. ಟೀ ಇರಲಿಲ್ಲ. ಅವರ ಭಾಷೆಯಲ್ಲಿ ಚಾಯ್ ಅಂದರೆ ಸಸ್ಯಾಹಾರವಂತೆ. ಅನ್ನ, ಸೊಪ್ಪಿನ ಪಲ್ಯ, ಎಳೆ ಹಲಸಿನಕಾಯಿ ತಂದಿಟ್ಟರು. ನಿನ್ನ ಕಣ್ಣಲ್ಲಿ ನೀರು ಬಂತು. ನನ್ನ ಕೈ ಹಿಡಿದುಕೊಂಡು ಹೇಳಿದೆ: ‘ಇಲ್ಲೂ ನಮ್ಮೋರು ಇದಾರೆ ಕಣೆ.’

ಆ ‘ನಮ್ಮೋರು’ ಕೇಳಿ ನಾನೂ ತಲೆಯಾಡಿಸಿದೆ. ರಾತ್ರಿ ಆ ಮಾತು ಮಲಗಗೊಡಲಿಲ್ಲ.

ಮರುದಿನ ಹೊಯಾನ್ ಊರಿನಲ್ಲಿ ನೀನು ತಲೆನೋವು ಅಂತ ಮಹಡಿಯ ರೂಮಿನಲ್ಲಿ ಮಲಗಿದೆ. ಕೆಳಗೆ ನಮ್ಮ ಟೂರ್ ಗುಂಪಿನವರ ಮೇಜಿಗೆ ಬಾಳೆಎಲೆಯಲ್ಲಿ ಸುಟ್ಟ ಮೀನು ಬಂತು. ಹಸಿವಾಗಿತ್ತು, ತಿಂದೆ. ನೀನು ಇಳಿದು ಬಂದು ನನ್ನ ಪಕ್ಕ ನಿಂತಿದ್ದೆ. ಎಷ್ಟು ದಿನದಿಂದ ಅಂತ ಕೇಳಿದೆ. ಇವತ್ತೇ ಮೊದಲು ಅನ್ನಬಹುದಿತ್ತು. ‘ಮೊದಲಿಂದಾನೂ ಕಣೆ’ ಅಂದುಬಿಟ್ಟೆ.

ನೀನು ಕೂಗಾಡಲಿಲ್ಲ. ‘ನಮ್ಮ ಅಡುಗೆಮನೇವರೆಗೂ ಬಂದ್ಬುಟ್ಟಿದ್ದೆಯಲ್ಲೇ’ ಅಂದೆ, ಅಷ್ಟೆ. ಸಂಜೆಗೆ ನಿನ್ನ ಪೆಟ್ಟಿಗೆ ಎತ್ತಿಕೊಂಡು ನಮ್ಮ ಗುಂಪಿನ ಸುಂದರಮ್ಮನವರ ರೂಮಿಗೆ ಹೋದೆ. ಸುಳ್ಳು ಹೇಳಿದೆಯಲ್ಲ ಅಂದಿದ್ದರೆ ನಿನ್ನ ಕಾಲು ಹಿಡಿಯುತ್ತಿದ್ದೆ. ನೀನು ಅಡುಗೆಮನೆಯ ಮಾತೆತ್ತಿದೆ. ಅದು ನನಗೆ ಇವತ್ತಿಗೂ ನೋಯುತ್ತದೆ, ಹೇಳದಿದ್ದರೆ ಈ ಕಾಗದವೂ ಸುಳ್ಳಾಗುತ್ತದೆ.

ಚಪಾತಿಗೆ ಬೂಷ್ಟು ಬಂದು, ಎರಡು ದಿನ ನೀನು ಬಾಳೆಹಣ್ಣಿನಲ್ಲೇ ಇದ್ದೆ. ಮೂರನೆಯ ಬೆಳಿಗ್ಗೆ ನಾನೊಬ್ಬಳೇ ಅಲ್ಲಿನ ಸಂತೆಗೆ ಹೋದೆ. ಬಾಳೆಮೂತಿ, ಹಲಸು, ಕೊತ್ತಂಬರಿ, ಎಲ್ಲ ನಮ್ಮವೇ, ಭಾಷೆಯೊಂದು ಬಿಟ್ಟು. ಮುದುಕಿಯೊಬ್ಬಳ ಮುಂದೆ ಮೀನಿನ ಬುಟ್ಟಿ ತೋರಿಸಿ, ಬೇಡ ಅಂತ ತಲೆಯಾಡಿಸಿ, ಕೈ ಮುಗಿದೆ. ಅವಳು ‘ಚಾಯ್, ಚಾಯ್’ ಅಂತ ನಕ್ಕು, ಆಕಾಶದ ಕಡೆ ಬೆರಳಿನಲ್ಲಿ ಚಂದ್ರನ ಗುಂಡು ಬರೆದಳು. ಹುಣ್ಣಿಮೆಗೂ ಅಮಾವಾಸ್ಯೆಗೂ ಅವರಲ್ಲಿ ತುಂಬ ಜನ ಮಾಂಸ ಮುಟ್ಟುವುದಿಲ್ಲವಂತೆ, ಗೈಡು ಆಮೇಲೆ ಹೇಳಿದ. ಮಿಕ್ಕ ದಿನ ತಿನ್ನುತ್ತಾರೆ. ಅವಳು ಎರಡನ್ನೂ ಯಾರಿಂದಲೂ ಬಚ್ಚಿಟ್ಟಿರಲಿಕ್ಕಿಲ್ಲ ಅಂತ ಹೊಟ್ಟೆಕಿಚ್ಚಾಯಿತು. ಅವಳು ಬಾಳೆಎಲೆಯಲ್ಲಿ ಕಟ್ಟಿಕೊಟ್ಟ ಕಡಲೆಕಾಯಿ ಬೀಜದ ಅನ್ನವನ್ನು ಸುಂದರಮ್ಮನವರ ಕೈಗಿಟ್ಟು, ನೀವೇ ತಂದದ್ದು ಅನ್ನಿ ಅಂತ ಬೇಡಿಕೊಂಡೆ. ಆಮೇಲೆ ದಿನವೂ ಹೋಗಿ ಹಾಗೇ ತಂದೆ, ನಾಲ್ಕು ದಿನ ನೀನು ತಿಂದದ್ದು ಅದನ್ನೇ. ನನ್ನ ಕೈ ಮುಟ್ಟಿತ್ತು, ಸಿದ್ದಿ. ಅದೂ ನಿನಗೆ ಗೊತ್ತಿರಲಿ.

ತಿಂದದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಅದು ನಮ್ಮಪ್ಪ, ನಮ್ಮಮ್ಮ, ನಮ್ಮ ಯಜಮಾನರು ಉಂಡ ಅನ್ನ. ಹೇಳದೆ ಇದ್ದದ್ದಕ್ಕೆ ಕೇಳುತ್ತೇನೆ. ನೀನು ನನ್ನನ್ನು ನಂಬಿ ರೊಟ್ಟಿ ಮುರಿದೆ, ನಾನು ನಿನ್ನನ್ನು ನಂಬಲಿಲ್ಲ. ನಿಜ ಹೇಳಿದ್ದರೂ ನೀನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದೆಯೋ ಏನೋ, ಕೇಳುವ ಧೈರ್ಯ ನನಗೆ ಬರಲಿಲ್ಲ.

ಇದನ್ನೆಲ್ಲ ಓದಿದ ಮೇಲೂ ‘ಊಟಕ್ಕೆ ಬಾ’ ಅನ್ನುವುದಾದರೆ ಒಂದು ಫೋನು ಮಾಡು. ಹಿಂದಿನ ದಿನವೇ ಬಂದು ತರಕಾರಿ ಹೆಚ್ಚುತ್ತೇನೆ. ಅಡುಗೆಮನೆಯಲ್ಲೋ ಹೊರಗೋ, ನೀನೇ ಹೇಳು.

ನಿನ್ನನ್ನು ಬಿಟ್ಟಿರಲಾರದ
ಸುಮಿತ್ರ

ಮರೆತ ಮಾತು: ಮೇಲೆ ಹಸಿವಾಗಿತ್ತು ಅಂತ ಬರೆದಿದ್ದೇನೆ. ಹೊಡೆದು ಹಾಕೋಣ ಅಂದುಕೊಂಡೆ, ಹಾಗೇ ಇರಲಿ. ಹಸಿವಿರಲಿಲ್ಲ. ನೀನು ಮೆಟ್ಟಿಲಿಳಿದು ಬರುವುದನ್ನು ಎದುರಿನ ಕನ್ನಡಿಯಲ್ಲಿ ಮೊದಲ ಮೆಟ್ಟಿಲಿಂದಲೇ ನೋಡುತ್ತಿದ್ದೆ. ಎದ್ದು ಹೋಗಲು ಬೇಕಾದಷ್ಟು ಸಮಯವಿತ್ತು. ನೀನು ಪೂರ್ತಿ ಹತ್ತಿರ ಬರಲಿ ಅಂತ ಕಾದು, ಆಮೇಲೆ ಮೊದಲ ತುತ್ತು ಬಾಯಿಗಿಟ್ಟೆ.