ಹೆಸರು ಬಿಟ್ಟ ಕರಪತ್ರ

ಹಂಸಾ,

ಫುನಾಬೊರಿಯಲ್ಲಿ ನಡೆದ ಜಪಾನ್ ಕನ್ನಡಿಗರ ಸಭೆಯಲ್ಲಿ ನಿನ್ನ ಸಂಶೋಧನೆಯನ್ನು ಎಲ್ಲರೆದುರು ಗೇಲಿ ಮಾಡಿದ್ದು ನನ್ನ ತಪ್ಪು. ಗ್ರೀಕ್ ಮಹಾಕಾವ್ಯದಲ್ಲಿ ಒಂದೆರಡು ಸಾಲು ಬಂದು ಸಾಯುವ ಸೈನಿಕನಿಗೂ ಹೆಸರಿದೆ, ಅಪ್ಪನಿದ್ದಾನೆ, ಊರಿದೆ ಎಂದು ನೀನು ತೋರಿಸುತ್ತಿದ್ದೆ. "ಸಾಯೋನಿಗೆ ಬಯೋಡೇಟಾ ಯಾಕೆ ಮೇಡಂ?" ಎಂದೆ ನಾನು. ಎಲ್ಲರೂ ನಕ್ಕರು. ನೀನು ಮತ್ತೆ ಬರಲಿಲ್ಲ.

ನಿನ್ನೆ ಹಮಾಮತ್ಸುವಿನಲ್ಲಿ, ವರ್ಕ್‌ಶಾಪಿನ ಅಪಘಾತದಲ್ಲಿ ಸತ್ತ ನಮ್ಮವನೊಬ್ಬನ ಬಗ್ಗೆ ನಾನು ಬರೆದ ಕರಪತ್ರ ಹಂಚುತ್ತಿದ್ದೆ. ಹೆಂಗಸೊಬ್ಬರು ಅದನ್ನು ಎರಡು ಸಲ ಓದಿದರು. "ಬರೀ ‘ಒಬ್ಬ ಕಾರ್ಮಿಕ’ ಅಂತಿದ್ಯಲ್ಲಪ್ಪ, ನನ್ ತಮ್ಮನ್ ಹೆಸರೆಲ್ಲಿ?"

ಒಬ್ಬನ ಹೆಸರು ಹಾಕಿದರೆ ಎಲ್ಲ ಕಾರ್ಮಿಕರ ಹೋರಾಟ ಚಿಕ್ಕದಾಗುತ್ತದೆ ಎಂದು ನಾನೇ ಅದನ್ನು ಹೊಡೆದುಹಾಕಿದ್ದೆ. ಈ ಪತ್ರವನ್ನು ನಿನಗೆ ಕಳಿಸುವ ಮುಖ ನನಗಿಲ್ಲ.

"ಮನೆಗೆ ಬಾಪ್ಪ, ಅವನ್ ವಿಷ್ಯ ಎಲ್ಲ ಹೇಳ್ತೀನಿ, ಬರ್ಕೋ" ಎಂದಿದ್ದಾರೆ ಅವರು. ಈ ಭಾನುವಾರ, ಬೆಳಿಗ್ಗೆ ಹತ್ತಕ್ಕೆ.